ಅತ್ತೆಯ ಮೊಣಕಾಲು

ಎದುರು ಮನೆಯ ಹುಡುಗಿ ಮೊನ್ನೆ ಸಂಜೆ ಗೇಟಿನ ಹತ್ತಿರವೇ ನಿಂತು, "ಆಂಟಿ, ಬಾದಾಮಿ ಕಡೆ ಹೋಗೋಣ ಅಂತಿದ್ದೀವಿ, ಎಷ್ಟು ದಿನ ಇಟ್ಕೊಂಡ್ರೆ ಸಾಕು?" ಎಂದು ಕೇಳಿದಳು.

"ಜೊತೆಗೆ ಯಾರ್ಯಾರು ಬರ್ತಾರೆ?"

"ನಾವಿಬ್ಬರು, ಪಾಪು, ಆಮೇಲೆ ನಮ್ಮ ಮಾವ."

"ನಿಮ್ಮ ಮಾವ ಮೆಟ್ಟಿಲು ಹತ್ತುತ್ತಾರಾ?"

ಹುಡುಗಿ ನನ್ನ ಮುಖ ನೋಡಿದಳು. ಬಾದಾಮಿಯ ವಿಷಯ ಕೇಳಿದರೆ ಈಕೆ ಮಾವನ ವಿಚಾರಣೆ ಶುರು ಮಾಡಿದಳಲ್ಲ ಎನಿಸಿರಬೇಕು. ಒಳಗೆ ಕರೆದು ಕೂರಿಸಿ, ಕಾಫಿ ಕೊಟ್ಟು, ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು. ಹೇಳಲು ಶುರು ಮಾಡಿದರೆ ನನಗೆ ನಿಲ್ಲಿಸುವುದು ಬರುವುದಿಲ್ಲ. ಪಾಪು ಸೋಫಾದ ಮೇಲೇ ನಿದ್ದೆ ಹೋಯಿತು.

ನಮ್ಮದು ಮೈಸೂರು. ಅತ್ತೆಗೆ ಎಪ್ಪತ್ತಾರು. ಒಂದು ಕಾಲದಲ್ಲಿ ಆಷಾಢ ಶುಕ್ರವಾರಗಳಂದು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತಾ ಹತ್ತಿದವರು ಅವರು. ನಾನು ಮದುವೆಯಾಗಿ ಬಂದ ವರ್ಷ ಅವರ ಹಿಂದೆ ಹೋಗಲಾರದೆ ನಂದಿಯ ಹತ್ತಿರ ಕುಸಿದು ಕೂತವಳು. ಆ ಕಥೆಯನ್ನು ಅವರು ಇಪ್ಪತ್ತು ವರ್ಷ ಬಂದ ನೆಂಟರಿಗೆಲ್ಲ ಕಾಫಿಯ ಜೊತೆ ಬಡಿಸಿದ್ದಾರೆ. ಈಗ ಅದೇ ಮೊಣಕಾಲು ದೇವರ ಮನೆಯ ಹೊಸ್ತಿಲು ದಾಟುವುದಕ್ಕೂ ರಾಮನನ್ನು ಕರೆಯುತ್ತದೆ. ಹಾಗಿರುವಾಗ ಒಂದು ದಿನ ಊಟಕ್ಕೆ ಕೂತವರು, "ಬನಶಂಕರಿ ನಮ್ಮ ತೌರಿನ ಕಡೆಯ ಮನೆದೇವರು. ಒಂದು ಸಲ ಮುಖ ನೋಡಿಬಿಟ್ಟರೆ ಸಾಕಿತ್ತು" ಎಂದು ಮಜ್ಜಿಗೆಗೆ ಹೇಳಿದರು. ಅತ್ತೆ ಮಗನಿಗೆ ಏನಾದರೂ ಹೇಳಬೇಕಾದರೆ ಮಜ್ಜಿಗೆಗೇ ಹೇಳುವುದು.

ನಮ್ಮವರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಅಂದು ರಾತ್ರಿಯೇ ಎಕ್ಸೆಲ್ ತೆರೆದರು. ಬನಶಂಕರಿಯೊಂದನ್ನೇ ನೋಡಿ ಬರುವುದು ಅವರ ಲೆಕ್ಕದಲ್ಲಿ ನಷ್ಟ. ಅಷ್ಟು ದೂರ ಹೋದಮೇಲೆ ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ವಿಜಯಪುರ ಎಲ್ಲವೂ ಆಗಬೇಕು. ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ, ಪ್ರತಿ ಜಾಗಕ್ಕೆ ನಿಮಿಷ ಹಂಚಿ, ಹಸಿರು ಹಳದಿ ಬಣ್ಣ ಬಳಿದು, ಮುದ್ರಿಸಿ, ನನ್ನ ಕೈಗೊಂದು ಪ್ರತಿ ಕೊಟ್ಟರು. ಬಾದಾಮಿಯಿಂದ ಪಟ್ಟದಕಲ್ಲು ಇಪ್ಪತ್ತೆರಡು ಕಿಲೋಮೀಟರು, ಅಲ್ಲಿಂದ ಐಹೊಳೆಗೆ ಹದಿಮೂರು, ಎಲ್ಲ ಸರಿಯಾಗಿತ್ತು. ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತು ವರ್ಷ ಕೂತವಳು. ಫಾರಂ ಎಷ್ಟೇ ಚೆನ್ನಾಗಿ ತುಂಬಿದ್ದರೂ ಸಹಿ ಹಾಕುವ ಕಡೆ ಖಾಲಿ ಇದ್ದರೆ ಕಣ್ಣಿಗೆ ಬೀಳುತ್ತದೆ. "ಇದರಲ್ಲಿ ಅಮ್ಮ ಎಲ್ಲಿ?" ಎಂದೆ. "ಅಮ್ಮ ನಮ್ಮ ಜೊತೆಗೇ ಇರ್ತಾರಲ್ಲ" ಎಂದರು.

ಮೊದಲ ಏಟು ರೈಲಿನಲ್ಲೇ ಬಿತ್ತು. ಮೈಸೂರಿನಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ. ಮಧ್ಯಾಹ್ನದ ಮೇಲೆ ಹತ್ತಿದರೆ ಬೆಂಗಳೂರು, ಹುಬ್ಬಳ್ಳಿ, ಗದಗ ದಾಟಿ ಬೆಳಗಿನ ಜಾವಕ್ಕೆ ಬಾದಾಮಿ. ಇವರು ಮೂವರಿಗೂ ಸೇರಿಸಿ ಒಂದೇ ಟಿಕೆಟ್ಟು ಮಾಡಿಸಿದ್ದರು. ಸಿಕ್ಕಿದ್ದು ಒಂದು ನಡುವಿನ ಬರ್ತು, ಎರಡು ಮೇಲಿನವು. ಹಿರಿಯರಿಗೆ ಕೆಳಗಿನ ಬರ್ತಿನ ಕೋಟಾ ಇದೆ: ಗಂಡಸರಿಗೆ ಅರುವತ್ತು, ಹೆಂಗಸರಿಗೆ ನಲವತ್ತೈದು ತುಂಬಿರಬೇಕು. ಆದರೆ ಒಂದು ಟಿಕೆಟ್ಟಿನಲ್ಲಿ ಒಬ್ಬರೋ ಇಬ್ಬರೋ ಇದ್ದರೆ ಮಾತ್ರ ಆ ಕೋಟಾ. ಮೂರನೆಯವರು ಸೇರಿದರೆ ಆ ಬಾಗಿಲು ಮುಚ್ಚಿತು. ಅತ್ತೆ ಮತ್ತು ನಾನು ಒಂದು ಟಿಕೆಟ್ಟಿನಲ್ಲಿ, ಇವರು ಬೇರೊಂದರಲ್ಲಿ ಎಂದು ಮಾಡಿದ್ದರೆ ಬಹುಶಃ ಆಗುತ್ತಿತ್ತು. ಕೆಳಗಿನ ಬರ್ತು ಸಿಕ್ಕರೆ ಮಾತ್ರ ಬುಕ್ ಮಾಡು ಎಂದು ಗುರುತು ಹಾಕುವ ಸೌಲಭ್ಯವೂ ಅದೇ ಪುಟದ ಕೆಳಗಿದೆ. ಅವಸರದಲ್ಲಿ ಯಾರೂ ಅಲ್ಲಿಯವರೆಗೆ ಇಳಿಯುವುದಿಲ್ಲ. ಈಗ ಅರುವತ್ತು ದಿನ ಮುಂಚೆ ಬುಕಿಂಗ್ ತೆರೆಯುತ್ತದೆ, ಮೊದಲಿನ ಹಾಗೆ ನೂರಿಪ್ಪತ್ತಲ್ಲ. ತತ್ಕಾಲ್ ಅಂತೂ ಹಿಂದಿನ ದಿನ ಎಸಿಗೆ ಹತ್ತು ಗಂಟೆ, ಸ್ಲೀಪರಿಗೆ ಹನ್ನೊಂದು. ಅದರಲ್ಲಿ ಸೀಟು ಸಿಗುವುದೇ ದೊಡ್ಡದು, ಬರ್ತಿನ ಆಯ್ಕೆ ಕೇಳಬಾರದು. ಹಿರಿಯರ ದರ ರಿಯಾಯಿತಿ 2020ರ ಮಾರ್ಚಿನಲ್ಲೇ ನಿಂತುಹೋಗಿದೆ. ಅತ್ತೆ ಇದನ್ನು ಇನ್ನೂ ನಂಬಿಲ್ಲ. "ನೀನು ಸರಿಯಾಗಿ ಕೇಳಿಲ್ಲ" ಎನ್ನುತ್ತಾರೆ.

ಎದುರಿನ ಕೆಳಬರ್ತಿನಲ್ಲಿ ಗದಗಿಗೆ ಹೊರಟಿದ್ದ ಇಂಜಿನಿಯರಿಂಗ್ ಹುಡುಗನೊಬ್ಬ ಕೂತಿದ್ದ. ಅತ್ತೆ ಅವನನ್ನು ಏನೂ ಕೇಳಲಿಲ್ಲ. ನಡುವಿನ ಬರ್ತನ್ನು ಒಮ್ಮೆ ನೋಡಿದರು, ತಮ್ಮ ಮೊಣಕಾಲನ್ನು ಒಮ್ಮೆ ನೋಡಿದರು, ಆಮೇಲೆ ಚೀಲದಿಂದ ಚಕ್ಕುಲಿಯ ಡಬ್ಬಿ ತೆಗೆದು ಅವನ ಕಡೆ ಚಾಚಿದರು. ಎರಡನೆಯ ಚಕ್ಕುಲಿ ಮುಗಿಯುವ ಹೊತ್ತಿಗೆ ಹುಡುಗ, "ಅಜ್ಜಿ, ನೀವು ಇಲ್ಲೇ ಮಲ್ಕೊಳ್ರಿ" ಎಂದ. ರೈಲ್ವೆಯ ಕೋಟಾ ಕೈಕೊಟ್ಟ ಕಡೆ ಚಕ್ಕುಲಿ ಕೈಹಿಡಿಯುತ್ತದೆ. ಆದರೂ ಟಿಕೆಟ್ಟು ಮಾಡಿಸುವಾಗ ಚಕ್ಕುಲಿಯನ್ನು ನಂಬಬೇಡ ಎಂದು ಹುಡುಗಿಗೆ ಹೇಳಿದೆ.

ಇಳಿಯುವುದೇ ಹತ್ತುವುದಕ್ಕಿಂತ ಕಷ್ಟ. ಬಾದಾಮಿಯಂಥ ಸ್ಟೇಷನ್ನಿನಲ್ಲಿ ರೈಲು ನಿಂತ ಶಾಸ್ತ್ರ ಮಾಡಿ ಹೊರಡುತ್ತದೆ. ಕತ್ತಲು, ಬಾಗಿಲಿಗೂ ಪ್ಲಾಟ್‌ಫಾರಮಿಗೂ ನಡುವೆ ಒಂದು ಕಂದಕ, ಹಿಂದೆ ನಾಲ್ಕು ಚೀಲ, ಮುಂದೆ ಅತ್ತೆ. ನಾವು ಒಬ್ಬೊಬ್ಬರೂ ಎರಡೂ ಕೈಯಲ್ಲಿ ಚೀಲ ಹಿಡಿದಿದ್ದೆವು. ಅತ್ತೆಯ ಕೈ ಹಿಡಿಯಲು ಉಳಿದ ಕೈ ಯಾವುದು? ಒಬ್ಬರ ಒಂದು ಕೈ ಯಾವಾಗಲೂ ಖಾಲಿ ಇರಬೇಕು, ಚೀಲಗಳನ್ನು ಆ ಲೆಕ್ಕದಲ್ಲಿ ಕಟ್ಟಬೇಕು ಎಂಬುದು ಎಕ್ಸೆಲಿನಲ್ಲಿ ಇರಲಿಲ್ಲ. ಕಾಲು ಗಂಟೆ ಮುಂಚೆಯೇ ಎದ್ದು ಬಾಗಿಲ ಹತ್ತಿರ ಬಂದಿದ್ದರಿಂದ ಬಚಾವಾದೆವು.

ಸ್ಟೇಷನ್ನಿನಿಂದ ಊರು ಐದು ಕಿಲೋಮೀಟರು, ಆಟೋ ಸಿಗುತ್ತದೆ. ನಾವು ಹಿಡಿದಿದ್ದ ವಸತಿಗೃಹಕ್ಕೆ ಹದಿನೈದು ದಿನ ಮುಂಚೆ ಫೋನು ಮಾಡಿ, "ಲಿಫ್ಟ್ ಇದೆಯಾ?" ಎಂದು ನಾನೇ ಕೇಳಿದ್ದೆ. "ಅದ ರೀ ಮೇಡಂ, ಹೊಸಾದು" ಎಂದಿದ್ದರು. ಸುಳ್ಳಲ್ಲ, ಲಿಫ್ಟ್ ಇತ್ತು, ಹೊಸದೇ ಆಗಿತ್ತು. ಹನ್ನೊಂದು ಮೆಟ್ಟಿಲು ಹತ್ತಿದ ಮೇಲೆ ಇತ್ತು. ರಸ್ತೆಯಿಂದ ಹನ್ನೊಂದು ಮೆಟ್ಟಿಲು ಹತ್ತಿದರೆ ಸ್ವಾಗತದ ಕಟ್ಟೆ, ಅದರ ಪಕ್ಕದಲ್ಲಿ ಲಿಫ್ಟಿನ ಬಾಗಿಲು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅತ್ತೆ ಕೆಳಗೆ ನಿಂತು ಅದನ್ನು ನೋಡಿ, "ಸ್ವರ್ಗಕ್ಕೆ ಲಿಫ್ಟ್ ಇಟ್ಟಿದ್ದಾರೆ, ಆದರೆ ಸ್ವರ್ಗದಲ್ಲೇ ಇಟ್ಟಿದ್ದಾರೆ" ಎಂದರು.

ಅಂದಿನಿಂದ ನನ್ನ ಫೋನಿನ ಪ್ರಶ್ನೆಗಳೇ ಬೇರೆ. ರಸ್ತೆಯಿಂದ ಕೋಣೆಯ ಹಾಸಿಗೆಯವರೆಗೆ ಒಟ್ಟು ಎಷ್ಟು ಮೆಟ್ಟಿಲು? ಕಮೋಡು ಇದೆಯಾ, ಕೂತು ಏಳುವಾಗ ಹಿಡಿದುಕೊಳ್ಳಲು ಗೋಡೆಯಲ್ಲಿ ಏನಾದರೂ ಇದೆಯಾ? ಬಿಸಿನೀರು ಎಷ್ಟು ಗಂಟೆಗೆ ನಿಂತುಹೋಗುತ್ತದೆ? ಬೆಳಿಗ್ಗೆ ಆರಕ್ಕೆ ಬಂದರೆ ಕೋಣೆ ಕೊಡುತ್ತೀರಾ, ಇಲ್ಲಾ ಹನ್ನೆರಡರವರೆಗೆ ಕಾಯಿಸುತ್ತೀರಾ? ಬಚ್ಚಲ ಮನೆಯ ಒಂದು ಫೋಟೋ ವಾಟ್ಸಾಪ್ ಮಾಡಿ ಎಂದೂ ಕೇಳುತ್ತೇನೆ. ಮೊದಮೊದಲು ನಾಚಿಕೆಯಾಗುತ್ತಿತ್ತು. ಈಗ ಇಲ್ಲ. ಕಿಟಕಿಯಿಂದ ಬೆಟ್ಟ ಕಾಣುವ ಫೋಟೋ ಅವರೇ ಕಳಿಸುತ್ತಾರೆ, ಬಚ್ಚಲು ಕೇಳಿದರೆ ಮಾತ್ರ ಬರುತ್ತದೆ.

ನಾವು ತಲುಪಿದ್ದು ಶುಕ್ರವಾರ. ಎಕ್ಸೆಲಿನ ಎರಡನೆಯ ಸಾಲು, ಅಗಸ್ತ್ಯ ತೀರ್ಥದ ಬದಿಯ ಪುರಾತತ್ವ ವಸ್ತುಸಂಗ್ರಹಾಲಯ. ಪುರಾತತ್ವ ಇಲಾಖೆಯ ಮ್ಯೂಸಿಯಮ್ಮುಗಳಿಗೆ ಶುಕ್ರವಾರ ರಜೆ. ಬಾದಾಮಿ, ಐಹೊಳೆ, ವಿಜಯಪುರ, ಹಂಪಿಯ ಕಮಲಾಪುರ, ಎಲ್ಲ ಕಡೆಯೂ. ಇವರು ಮುಚ್ಚಿದ ಗೇಟಿನ ಮುಂದೆ ಹಾಳೆ ಹಿಡಿದು ನಿಂತಿದ್ದರೆ, ಅತ್ತೆಯ ಮುಖದಲ್ಲಿ ಮಾತ್ರ ಬೆಳಕು. "ಶುಕ್ರವಾರ ಬನಶಂಕರಿ ದರ್ಶನ! ನೋಡು, ಅವಳೇ ವಾರ ನೋಡಿ ಕರೆಸಿಕೊಂಡಳು." ಒಂದೇ ವಾರ, ಮಗನಿಗೆ ನಷ್ಟ, ಅಮ್ಮನಿಗೆ ಲಾಭ.

ಗುಹೆಗಳ ವಿಷಯ. ಬಾದಾಮಿಯಲ್ಲಿ ನಾಲ್ಕು ಗುಹೆಗಳು, ಒಂದರ ಮೇಲೊಂದು ಎನ್ನುವ ಹಾಗೆ ಬಂಡೆಯ ಮೈಗೆ ಅಂಟಿಕೊಂಡಿವೆ. ಮೊದಲನೆಯದಕ್ಕೆ ನಲವತ್ತರ ಆಸುಪಾಸು ಮೆಟ್ಟಿಲು. ಮೇಲಿನವಕ್ಕೆ ಇನ್ನೂ ಹತ್ತಬೇಕು, ಮೆಟ್ಟಿಲುಗಳೂ ಒಂದು ಅಳತೆಯವಲ್ಲ. ನಾವು ಬಿಸಿಲೇರುವ ಮುಂಚೆ ಅತ್ತೆಯನ್ನು ಐದು ಮೆಟ್ಟಿಲಿಗೊಂದು ಸಲ ನಿಲ್ಲಿಸುತ್ತಾ ಮೊದಲ ಗುಹೆಗೆ ಹತ್ತಿಸಿದೆವು. ಚಾಲುಕ್ಯರ ಶಿಲ್ಪಿಗಳು ಮೊಣಕಾಲು ನೋವಿನವರನ್ನು ಕಂಡಿದ್ದರು ಎಂದೇ ನನ್ನ ನಂಬಿಕೆ. ಬಾದಾಮಿಯಲ್ಲಿ ಎಲ್ಲರೂ ಹುಡುಕಿಕೊಂಡು ಬರುವ ಹದಿನೆಂಟು ಕೈಯ ನಟರಾಜನನ್ನು ಮೊದಲ ಗುಹೆಯ ಬಲಕ್ಕೇ ಕಡೆದಿಟ್ಟಿದ್ದಾರೆ. ಅತ್ತೆ ಎದುರಿನ ಕಟ್ಟೆಯ ಮೇಲೆ ಕೂತು ಎಡಕ್ಕೆ ಒಂಬತ್ತು, ಬಲಕ್ಕೆ ಒಂಬತ್ತು ಎಂದು ಬೆರಳು ಮಡಚಿ ಎಣಿಸಿದರು. ಲೆಕ್ಕ ಸರಿಯಾದ ಮೇಲೆ ಕೆಳಗೆ ನೋಡಿದರು. "ಕೈ ಎಷ್ಟು ಬೇಕಾದರೂ ಇಟ್ಟುಕೊಳ್ಳಲಿ ಬಿಡು. ಆ ಮೊಣಕಾಲು ನೋಡು, ಹೇಗೆ ಬಗ್ಗಿಸಿದಾನೆ! ಒಂದು ಚೂರು ನೋವು ಕಾಣುತ್ತಾ ಮುಖದಲ್ಲಿ?"

ಅವರನ್ನು ಅಲ್ಲಿ ಕೂರಿಸಿ, ನೀರಿನ ಬಾಟಲು ಕೊಟ್ಟು, ನಾವಿಬ್ಬರೂ ಮೂರನೆಯ ಗುಹೆಗೆ ಹೋಗಿ ಬಂದೆವು. ಅದೇ ಅಲ್ಲಿಯ ದೊಡ್ಡ ಗುಹೆ. ಹೆಡೆಯ ಕೆಳಗೆ ಶೇಷನ ಮೇಲೆ ಕೂತ ವಿಷ್ಣು, ಆಕಾಶಕ್ಕೆ ಕಾಲೆತ್ತಿದ ತ್ರಿವಿಕ್ರಮ, ಮಂಗಳೇಶನ 578ರ ಶಾಸನ. ಎಲ್ಲವನ್ನೂ ಫೋನಿನಲ್ಲಿ ತೆಗೆದುಕೊಂಡು ಬಂದು ಅತ್ತೆಗೆ ತೋರಿಸಿದೆವು. ತ್ರಿವಿಕ್ರಮನ ಕಾಲನ್ನು ಅವರು ಎರಡು ಬೆರಳಲ್ಲಿ ಹಿಗ್ಗಿಸಿ ಬಹಳ ಹೊತ್ತು ನೋಡಿದರು, ಏನೂ ಹೇಳಲಿಲ್ಲ. ಅಷ್ಟರಲ್ಲಿ ಕೋತಿಯೊಂದು ಯಾರದೋ ಕೈಯ ಪ್ಲಾಸ್ಟಿಕ್ ಚೀಲ ಕಿತ್ತುಕೊಂಡು ಎರಡನೆಯ ಗುಹೆಯ ಸೂರಿಗೆ ಹಾರಿತು. ಬಾದಾಮಿಯ ಕೋತಿಗಳಿಗೆ ಪ್ಲಾಸ್ಟಿಕ್ಕಿನ ಸರಬರ ಶಬ್ದವೇ ಊಟದ ಗಂಟೆ. ಬಟ್ಟೆಯ ಚೀಲ ಒಯ್ಯಿ, ಜಿಪ್ ಎಳೆದಿರಲಿ, ಬಾಳೆಹಣ್ಣಂತೂ ಬೇಡ.

ಬನಶಂಕರಿ ಅಲ್ಲಿಂದ ಐದು ಕಿಲೋಮೀಟರು. ಶುಕ್ರವಾರದ ಸಾಲು ಉದ್ದವಿತ್ತು, ಅತ್ತೆ ಅದಕ್ಕೆ ಗೊಣಗಲಿಲ್ಲ. ಮೆಟ್ಟಿಲಿಲ್ಲದ ಸಾಲನ್ನು ಅವರು ಸಾಲು ಎಂದೇ ಎಣಿಸುವುದಿಲ್ಲ. ದರ್ಶನವಾಗಿ ಹೊರಗೆ ಬಂದು, ಹರಿದ್ರಾ ತೀರ್ಥದ ಸುತ್ತಲಿನ ಕಂಬದ ಸಾಲನ್ನು ನೋಡುತ್ತಾ ನಿಂತಾಗ ಒಬ್ಬಾಕೆ ತಲೆಯ ಮೇಲೆ ಬುಟ್ಟಿ ಹೊತ್ತು ಬಂದಳು.

"ಕುಂದರ್ರಿ ಅಮ್ಮಾರ, ರೊಟ್ಟಿ ಕೊಡ್ತೀನಿ. ಈಗಷ್ಟ ಬಡದು ತಂದೇನಿ."

ಮರದ ನೆರಳಲ್ಲಿ ಕೂತೆವು. ಆಕೆ ಬುಟ್ಟಿ ಇಳಿಸಿ ಬಿಳಿ ಬಟ್ಟೆ ಸರಿಸಿದಳು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಮೆತ್ತನೆಯ ಜೋಳದ ರೊಟ್ಟಿ, ಇನ್ನೊಂದು ಡಬ್ಬಿಯಲ್ಲಿ ಎಣ್ಣೆಗಾಯಿ, ಝುಣಕ, ಮಡಕೆ ಕಾಳು, ಶೇಂಗಾ ಚಟ್ನಿಪುಡಿ, ಕೆಂಪು ಖಾರ, ಪುಟ್ಟ ಕುಡಿಕೆಯಲ್ಲಿ ಮೊಸರು. ರೊಟ್ಟಿಯೇ ತಟ್ಟೆ, ಅದರ ಮೇಲೇ ಪಲ್ಯ ಹಾಕಿ ಕೈಗಿತ್ತಳು. ಅತ್ತೆಗೆ ಮಧ್ಯಾಹ್ನ ಅನ್ನ ಬೀಳದಿದ್ದರೆ ಹೊಟ್ಟೆಯೇ ತುಂಬುವುದಿಲ್ಲ. ಇವತ್ತು ಇದೊಂದು ಫಜೀತಿ ಎಂದುಕೊಂಡೆ. ಅವರು ರೊಟ್ಟಿಯ ಅಂಚು ಮುರಿದು, ಎಣ್ಣೆಗಾಯಿಯ ರಸಕ್ಕೆ ಒತ್ತಿ, ಬಾಯಿಗಿಟ್ಟು ಕಣ್ಣು ಮುಚ್ಚಿದರು. ಇನ್ನೊಂದು ತುಂಡು. ಖಾರಕ್ಕೆ ಕಣ್ಣಲ್ಲಿ ನೀರು, ಮೊಸರಿಗೆ ಕೈ. ಎರಡನೆಯ ರೊಟ್ಟಿಗೆ ಅವರೇ ಕೈಯೊಡ್ಡಿದರು. ಈ ನಡುವೆ ಇಬ್ಬರಿಗೂ ಮಾತು ಬೆಳೆದಿತ್ತು.

"ಮೊಣಕಾಲ ನೋವೇನ್ರೀ? ನನಗೂ ಐತ್ರಿ. ಏನ್ ಮಾಡೋದು, ಬುಟ್ಟಿ ಹೊರಲೇಬೇಕಲ್ರಿ."

"ನಡೆದೇ ಬರ್ತೀರಾ?"

"ನಡಕೋಂತನ ಬರ್ತೀನ್ರಿ. ಕುಂತರ ಹೆಚ್ಚಾಗತೈತ್ರಿ ನೋವು, ನಡದರ ಮರೀತೈತಿ."

ನಮ್ಮ ಮೂಳೆ ಡಾಕ್ಟರು ಐನೂರು ರೂಪಾಯಿ ತೆಗೆದುಕೊಂಡು ಹೇಳಿದ್ದೂ ಇದನ್ನೇ. ಬುಟ್ಟಿಯ ಅಂಚಿಗೆ ಕ್ಯೂಆರ್ ಹಾಳೆ ಅಂಟಿಸಿತ್ತು. ನಮ್ಮವರು ಫೋನು ಹಿಡಿದರೆ ನೆಟ್‌ವರ್ಕ್ ಬರಲಿಲ್ಲ, ಅತ್ತೆ ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸಿದರು. ಸೆರಗಿನ ಗಂಟಿಗೆ ಸಿಗ್ನಲ್ ಬೇಡ. ಹೋಗುವಾಗ ನೂರರ, ಐವತ್ತರ ನೋಟುಗಳನ್ನು ಒಂದಿಷ್ಟು ಚಿಲ್ಲರೆ ಮಾಡಿಸಿಟ್ಟುಕೋ ಎಂದು ಹುಡುಗಿಗೆ ಅದಕ್ಕೇ ಹೇಳಿದ್ದು.

ಬನದ ಹುಣ್ಣಿಮೆಗೆ, ಅಂದರೆ ಹೆಚ್ಚುಕಮ್ಮಿ ಜನವರಿಯಲ್ಲಿ, ಇಲ್ಲಿ ದೊಡ್ಡ ಜಾತ್ರೆ. ನಾಟಕ ಕಂಪನಿಗಳು ಬೀಡುಬಿಟ್ಟು ರಾತ್ರಿಯಿಡೀ ಆಟ ಆಡುತ್ತವೆ. ನಾಟಕದ ಹುಚ್ಚಿದ್ದರೆ ಆಗಲೇ ಹೋಗಬೇಕು. ಗುಡಿ ಗುಹೆ ನೋಡಬೇಕೆಂದರೆ ಆ ದಿನಗಳಲ್ಲಿ ಕೋಣೆ ಸಿಗುವುದಿಲ್ಲ ಎಂದು ತಿಳಿದು ಹೊರಡಬೇಕು. ನಾವು ಹೋಗಿದ್ದು ಡಿಸೆಂಬರಿನ ಮೊದಲ ವಾರ. ಅಷ್ಟರಲ್ಲೂ ಹನ್ನೊಂದು ಗಂಟೆಗೆಲ್ಲ ಕಲ್ಲು ಕಾದಿರುತ್ತಿತ್ತು. ಏಪ್ರಿಲ್ ಮೇ ತಿಂಗಳಲ್ಲಿ ಅಲ್ಲಿ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕುವುದೆಂದರೆ ಹೆಂಚಿನ ಮೇಲಿನ ದೋಸೆಯ ಅನುಭವ. ಒಂದು ಜೊತೆ ದಪ್ಪ ಹತ್ತಿಯ ಕಾಲುಚೀಲ ಚೀಲದಲ್ಲಿರಲಿ. ನೋಡುವವರು ನಕ್ಕರೆ ನಗಲಿ.

ಮರುದಿನ ಕಾರು ಹಿಡಿದು ಮಹಾಕೂಟ, ಪಟ್ಟದಕಲ್ಲು, ಐಹೊಳೆ. ಬಸ್ಸೂ ಇದೆ, ಆದರೆ ಮೂರು ಊರಿಗೆ ಮೂರು ಬಸ್ಸು ಕಾದು ದಿನ ಮುಗಿಸಬೇಕು. ಎಕ್ಸೆಲಿನ ಪ್ರಕಾರ ಮಹಾಕೂಟಕ್ಕೆ ಮೂವತ್ತು ನಿಮಿಷ. ಅಲ್ಲಿ ಗುಡಿಗಳ ನಡುವೆ ಊಟೆಯ ನೀರು ತುಂಬಿದ ಪುಷ್ಕರಣಿ ಇದೆ, ತಿಳಿನೀರು, ಸುತ್ತ ಮರಗಳ ನೆರಳು. ಅತ್ತೆ ಮೊದಲ ಮೆಟ್ಟಿಲ ಮೇಲೆ ಕೂತು ಎರಡೂ ಕಾಲನ್ನು ನೀರಿಗೆ ಇಳಿಬಿಟ್ಟರು. ಮೂವತ್ತು ನಿಮಿಷವಾಯಿತು. ಅರುವತ್ತಾಯಿತು. ನಮ್ಮವರು ಗಡಿಯಾರ ನೋಡುತ್ತಾ, "ಅಮ್ಮಾ, ಐಹೊಳೆಯಲ್ಲಿ ನೂರಕ್ಕಿಂತ ಹೆಚ್ಚು ಗುಡಿ ಇದೆ" ಎಂದರು. "ಇರಲಿ ಬಿಡು, ಇಷ್ಟು ವರ್ಷ ಇತ್ತಲ್ಲ, ಇನ್ನೊಂದು ಗಂಟೆ ಇರುತ್ತೆ" ಎಂದರು ಅತ್ತೆ. ಅವರ ಕೈಯಲ್ಲಿ ಎಕ್ಸೆಲಿನ ಹಾಳೆ ಇತ್ತು, ಅದರಲ್ಲೇ ಗಾಳಿ ಹಾಕಿಕೊಳ್ಳುತ್ತಿದ್ದರು. ಹದವಾದ ಗಾತ್ರ, ಗಟ್ಟಿ ಕಾಗದ. ಮೂರು ದಿನದಲ್ಲಿ ಆ ಹಾಳೆ ಪೂರ್ತಿ ಉಪಯೋಗಕ್ಕೆ ಬಂದದ್ದು ಆ ಒಂದು ಗಂಟೆ.

ಪಟ್ಟದಕಲ್ಲಿನಲ್ಲಿ ಎರಡು ದೊಡ್ಡ ಗುಡಿಗಳು ಅಕ್ಕಪಕ್ಕ ನಿಂತಿವೆ. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದುಬಂದ ನೆನಪಿಗೆ ಪಟ್ಟದರಾಣಿ ಲೋಕಮಹಾದೇವಿ ಕಟ್ಟಿಸಿದ್ದು ವಿರೂಪಾಕ್ಷ. ಅವಳ ತಂಗಿ, ಅದೇ ರಾಜನ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದ್ದು ಮಲ್ಲಿಕಾರ್ಜುನ. ಇದನ್ನು ಹೇಳಿದ್ದೇ ತಡ, ಅತ್ತೆಯ ಮೊಣಕಾಲಿಗೆ ಜೀವ ಬಂತು. "ಅಕ್ಕತಂಗಿ ಸವತಿಯರು, ಪಕ್ಕಪಕ್ಕದಲ್ಲೇ ಗುಡಿ! ಯಾರದು ದೊಡ್ಡದು?" ಅಕ್ಕನದೇ ತುಸು ದೊಡ್ಡದು. ಅತ್ತೆ ಒಂದು ಮಾತಾಡದೆ ಎರಡನ್ನೂ ಒಳಗೆ ಹೊಕ್ಕು ನೋಡಿ ಬಂದರು, ನಾದಿನಿಯ ಮನೆ ಗೃಹಪ್ರವೇಶಕ್ಕೆ ಹೋದಾಗ ಅಡಿಗೆಮನೆ ನೋಡುವ ಹಾಗೆ. ವಿರೂಪಾಕ್ಷನಿಗೆ ಇವತ್ತಿಗೂ ಪೂಜೆಯಿದೆ ಎಂದು ತಿಳಿದು, "ಹಾಗಾದರೆ ಅಕ್ಕನೇ ಗೆದ್ದಳು" ಎಂದರು. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತಾಣದ ಬಗ್ಗೆ ನಾನು ಓದಿಕೊಂಡು ಹೋಗಿದ್ದೆಲ್ಲ ಆ ಒಂದು ಮಾತಿನ ಮುಂದೆ ಸಪ್ಪೆಯಾಯಿತು.

ಐಹೊಳೆಯಲ್ಲಿ ಎಡವಟ್ಟಾಯಿತು. ದುರ್ಗದ ಗುಡಿಯ ಹೆಸರು ಕೇಳಿ ಅತ್ತೆ ಅರಿಸಿನ ಕುಂಕುಮದ ಪೊಟ್ಟಣ ಕೈಯಲ್ಲೇ ಹಿಡಿದು ಇಳಿದಿದ್ದರು. ಆ ಹೆಸರು ದುರ್ಗೆಯಿಂದ ಬಂದದ್ದಲ್ಲ, ಹತ್ತಿರದಲ್ಲಿದ್ದ ದುರ್ಗದಿಂದ, ಅಂದರೆ ಕೋಟೆಯಿಂದ. ಒಳಗೆ ದೇವಿಯೂ ಇಲ್ಲ, ದೀಪವೂ ಇಲ್ಲ. ಪಕ್ಕದ ಗುಡಿಯ ಹೆಸರು ಲಾಡ್‌ಖಾನ್ ಎಂದಾಗಂತೂ ಅವರು ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡುಬಿಟ್ಟರು. ಆಮೇಲೆ ದುರ್ಗದ ಗುಡಿಯ ಪ್ರದಕ್ಷಿಣಾಪಥದಲ್ಲಿ ಮಹಿಷಮರ್ದಿನಿಯ ಶಿಲ್ಪ ಸಿಕ್ಕಿತು. ಕಾವಲುಗಾರ ಅತ್ತ ತಿರುಗಿದ್ದಾಗ ಅತ್ತೆ ಅದರ ಎದುರಿನ ನೆಲಕ್ಕೆ ಒಂದು ಚಿಟಿಕೆ ಕುಂಕುಮ ಉದುರಿಸಿದ್ದನ್ನು ನಾನು ನೋಡಲಿಲ್ಲ ಎಂದೇ ಇಟ್ಟುಕೊಳ್ಳಿ.

ಅಲ್ಲಿಂದ ಹೊರಟಾಗ ಅವರಿಗೆ ತಲೆ ಸುತ್ತಿತು. ಕಾರಿನಲ್ಲಿ ಒರಗಿಸಿ ಕೇಳಿದರೆ ಬೆಳಿಗ್ಗೆಯಿಂದ ನೀರೇ ಕುಡಿದಿಲ್ಲ. ಯಾಕೆ? "ಎಲ್ಲಿಗೆ ಹೋಗೋದು ಕಣೆ ಆಮೇಲೆ?" ಇದನ್ನು ಯಾವ ಪ್ರವಾಸದ ಪುಸ್ತಕವೂ ಹೇಳುವುದಿಲ್ಲ. ನಮ್ಮ ಹೆಂಗಸರು ದೇಶವೆಲ್ಲ ಸುತ್ತುವುದು ಬಾಯಾರಿಕೊಂಡೇ. ಶಾಲೆಯ ಪ್ರವಾಸದಲ್ಲಿ ಬಸ್ಸು ಹತ್ತುವ ಮುಂಚೆ ನೀರು ಕುಡಿಯಬೇಡಿ ಎಂದು ಟೀಚರು ಹೇಳಿದ್ದು ನಾಲಿಗೆಗೆ ಅಂಟಿಕೊಂಡು ಹಾಗೇ ಉಳಿದಿದೆ. ನಾನೂ ಹಾಗೇ ಇದ್ದವಳು. ಅಂದಿನಿಂದ ನನ್ನ ಯೋಜನೆಯಲ್ಲಿ ಮೊದಲು ಬರೆಯುವುದು ಶೌಚಾಲಯ, ಆಮೇಲೆ ಸ್ಮಾರಕ. ಟಿಕೆಟ್ಟು ಕೊಡುವ ಜಾಗದ ಹತ್ತಿರ ಸಾಮಾನ್ಯವಾಗಿ ಇರುತ್ತದೆ, ಒಳಗೆ ಹೋಗುವ ಮುಂಚೆಯೇ ಮುಗಿಸಬೇಕು. ದಾರಿಯಲ್ಲಿ ಪೆಟ್ರೋಲ್ ಬಂಕು. ಊಟಕ್ಕೆ ಹೋಟೆಲು ಆರಿಸುವಾಗ ದೋಸೆ ಹೇಗಿದೆ ಎಂದು ಕೇಳುವುದಕ್ಕೂ ಮುಂಚೆ ನಾನು ಹಿಂದಕ್ಕೆ ಹೋಗಿ ನೋಡಿ ಬರುತ್ತೇನೆ. ಕಾರಿನವನಿಗೆ ಬೆಳಿಗ್ಗೆಯೇ, "ಎರಡು ಗಂಟೆಗೊಂದು ಸಲ ನಿಲ್ಲಿಸಬೇಕಪ್ಪ" ಎಂದು ಹೇಳಿಬಿಟ್ಟರೆ ಅವನೇ ಜಾಗ ಗೊತ್ತುಮಾಡಿಕೊಂಡಿರುತ್ತಾನೆ. ಇಷ್ಟು ಗೊತ್ತಾದ ಮೇಲೆ ಅತ್ತೆ ಬಾಟಲು ಬಾಟಲು ನೀರು ಕುಡಿದರು.

ಮಾತ್ರೆಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ: ಕೈಚೀಲದಲ್ಲಿ ಒಂದು ಸೆಟ್ಟು, ದೊಡ್ಡ ಚೀಲದಲ್ಲಿ ಇನ್ನೊಂದು, ಡಾಕ್ಟರ ಚೀಟಿಯ ಫೋಟೋ ಎಲ್ಲರ ಫೋನಿನಲ್ಲೂ.

ಬಾದಾಮಿಯಿಂದ ವಿಜಯಪುರಕ್ಕೆ ಕಾರು ಹೇಳುತ್ತೇನೆ ಎಂದರೆ ಅತ್ತೆ ಒಪ್ಪಲಿಲ್ಲ. ಬಸ್ಸೇ ಆಗಬೇಕು. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ದುಡ್ಡಿಲ್ಲ, ಅವರಿನ್ನೂ ದೂರದ ಬಸ್ಸಿನಲ್ಲಿ ಅದನ್ನು ಅನುಭವಿಸಿರಲಿಲ್ಲ. ಆದರೆ ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಮೆಟ್ಟಿಲು ಬಾದಾಮಿಯಲ್ಲೂ ಇಲ್ಲ, ಶ್ರವಣಬೆಳಗೊಳದಲ್ಲೂ ಇಲ್ಲ, ನಮ್ಮ ಕೆಂಪು ಬಸ್ಸಿನ ಬಾಗಿಲಲ್ಲಿದೆ. ನಾನು ಹಿಂದಿನಿಂದ ನೂಕಿ, ಕಂಡಕ್ಟರು ಮೇಲಿನಿಂದ ಎಳೆದು, "ಯಪ್ಪಾ, ಹಗೂರ್ಕ ಬರ್ರಿ ಅಜ್ಜಿ" ಎಂದು ಹತ್ತಿಸಿಕೊಂಡರು. ಅತ್ತೆ ಆಧಾರ್ ಕಾರ್ಡು ತೋರಿಸಿ, ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಮಡಿಸಿ ಪರ್ಸಿನಲ್ಲಿ ತಿರುಪತಿ ತಿಮ್ಮಪ್ಪನ ಪಟದ ಹಿಂದೆ ಇಟ್ಟರು. ಮಗ ದುಡ್ಡು ಕೊಟ್ಟು ಟಿಕೆಟ್ಟು ತೆಗೆದುಕೊಳ್ಳುವುದನ್ನು ತಿರುಗಿ ನೋಡಿ ಬಹಳ ಸಂತೋಷಪಟ್ಟರು.

ಬಾಗಲಕೋಟೆ ದಾಟಿ ಕೊಲ್ಹಾರದ ಹತ್ತಿರ ಕೃಷ್ಣೆಯ ಮೇಲೆ ಉದ್ದನೆಯ ಸೇತುವೆ. ಆಲಮಟ್ಟಿಯ ಹಿನ್ನೀರು ಎರಡೂ ಕಡೆ ಸಮುದ್ರದ ಹಾಗೆ ಹರಡಿಕೊಂಡಿರುತ್ತದೆ. ಕೊಲ್ಹಾರದ ಗಡಿಗೆ ಮೊಸರಿಗೆ ಅಲ್ಲೆಲ್ಲ ಹೆಸರು. ಗಡಿಗೆ ಬೋರಲು ಹಾಕಿದರೂ ಬೀಳದು ಎನ್ನುತ್ತಾರೆ. ನಮ್ಮವರು ಪರೀಕ್ಷಿಸಲು ಹೊರಟಿದ್ದರು, ನನ್ನ ಸೀರೆಯ ಮೇಲೆ ಬೇಡ ಎಂದೆ.

ಗೋಲಗುಂಬಜಿಗೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಬೇಕು. ಹತ್ತು ಗಂಟೆಯಾದರೆ ಶಾಲೆಯ ಮಕ್ಕಳ ಬಸ್ಸುಗಳು ಬಂದುಬಿಡುತ್ತವೆ, ಪಿಸುಗುಟ್ಟುವ ಗ್ಯಾಲರಿಯಲ್ಲಿ ಆಮೇಲೆ ಯಾರ ಪಿಸುಮಾತೂ ಯಾರಿಗೂ ಕೇಳಿಸುವುದಿಲ್ಲ. ನಾಲ್ಕು ಮೂಲೆಯಲ್ಲಿ ನಾಲ್ಕು ಗೋಪುರ, ಏಳೇಳು ಅಂತಸ್ತು, ಒಳಗೆ ಕಡಿದಾದ ಇಕ್ಕಟ್ಟು ಮೆಟ್ಟಿಲು. ಅತ್ತೆ ಕೆಳಗೇ ನಿಂತು ತಲೆಯೆತ್ತಿ ನೋಡಿದರು. "ನೀವು ಹೋಗಿ ಬನ್ನಿ. ನಾನು ಇಲ್ಲೇ ಆದಿಲ್‌ಶಾಹಿಗಳ ಜೊತೆ ಕೂತಿರ್ತೀನಿ." ಒಳಗೆ ಮಹಮ್ಮದ್ ಆದಿಲ್ ಶಾಹನ ಗೋರಿಯ ಎದುರು, ಕಂಬವೇ ಇಲ್ಲದ ಆ ದೊಡ್ಡ ಬಯಲಿನ ಬದಿಯಲ್ಲಿ ಕಟ್ಟೆ ಹಿಡಿದು ಕೂತರು.

ನಾವು ಹತ್ತಿದೆವು. ಎರಡನೆಯ ಅಂತಸ್ತಿನವರೆಗೆ ನಮ್ಮವರು 1656, ನಲವತ್ತನಾಲ್ಕು ಮೀಟರಿನ ಗುಮ್ಮಟ ಎಂದೆಲ್ಲ ಹೇಳುತ್ತಿದ್ದರು. ಮೂರನೆಯದರಲ್ಲಿ ಮಾತು ನಿಂತಿತು. ನಾಲ್ಕನೆಯದರಲ್ಲಿ ಕಿಟಕಿಯ ಹತ್ತಿರ ಗಾಳಿಗೆಂದು ನಿಂತರು. ಐದನೆಯದರಲ್ಲಿ ಗೋಡೆ ಹಿಡಿದು, ಬಲಗಾಲನ್ನು ಮೊದಲಿಟ್ಟು ಎಡಗಾಲನ್ನು ಎಳೆದುಕೊಳ್ಳುತ್ತಿದ್ದರು. ಆ ನಡಿಗೆ ನನಗೆ ಗೊತ್ತು. ಮೂರು ದಿನದಿಂದ ಅತ್ತೆಯ ಹಿಂದೆ ನಡೆಯುತ್ತಾ ನೋಡಿದ್ದೆ. ನಾನು ಏನೂ ಹೇಳಲಿಲ್ಲ.

ಗ್ಯಾಲರಿಯಲ್ಲಿ ಯಾರೂ ಇರಲಿಲ್ಲ. ಕೆಳಗೆ ಅತ್ತೆಯ ನೀಲಿ ಸೀರೆ ಒಂದು ಚುಕ್ಕಿಯಂತೆ ಕಾಣುತ್ತಿತ್ತು. ಇವರು ಕಂಬಿಯ ಹತ್ತಿರ ಬಂದು, ಉಸಿರು ಸುಧಾರಿಸಿಕೊಂಡು, "ಅಮ್ಮಾ" ಎಂದು ಕರೆದರು. ಗುಮ್ಮಟ ಆ ಶಬ್ದವನ್ನು ಎತ್ತಿಕೊಂಡು ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಆ ಗೋಡೆಗೆ ಎಸೆಯಿತು. ಅಮ್ಮಾ, ಅಮ್ಮಾ, ಅಮ್ಮಾ, ಅಮ್ಮಾ. ಚುಕ್ಕಿ ಅಲುಗಿತು, ಒಂದು ಕೈ ಮೇಲೆದ್ದಿತು.

ಇಳಿದು ಬಂದಾಗ ಅತ್ತೆ, "ಒಂದು ಸಲ ಕರೆದಿದ್ದರೆ ಸಾಕಿತ್ತು, ನನಗೇನು ಕಿವಿ ಕೇಳಲ್ವಾ" ಎಂದರು. ಮಗ ಕುಂಟುತ್ತಿದ್ದುದನ್ನು ನೋಡಿದರೂ ಆಗ ಸುಮ್ಮನಿದ್ದರು. ರಾತ್ರಿ ಕೋಣೆಯಲ್ಲಿ ತಮ್ಮ ಕಾಲಿಗೆ ಮಹಾನಾರಾಯಣ ತೈಲ ಹಚ್ಚಿಕೊಂಡು ಮುಗಿಸಿ, ಬಾಟಲಿಯನ್ನು ಇವರ ಮಂಚದ ಕಡೆ ನೂಕಿದರು.

"ಎಷ್ಟಿತ್ತೋ ಮೆಟ್ಟಿಲು?"

"ಎಣಿಸಲಿಲ್ಲಮ್ಮ."

"ಎಣಿಸಬೇಕು" ಎಂದು ಅವರು ಗೋಡೆಯ ಕಡೆ ತಿರುಗಿ ಮಲಗಿದರು.